ಮೊದಲು ಹೊಳೆ, ಆಮೇಲೆ ರಾಡ್

ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಗಾಳ ಹಾಕಲು ಬಿದಿರಿನ ಕೋಲು, ದಾರ, ಬೆಂಡು, ಕೊಕ್ಕೆ, ಒಂದು ಹಿಡಿ ಎರೆಹುಳು ಇದ್ದರೆ ಸಾಕಿತ್ತು. ಕೋಲಿನ ಉದ್ದ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ. ಮೆಳೆಯಲ್ಲಿ ನೆಟ್ಟಗೆ ಬೆಳೆದದ್ದು ಯಾವುದೋ ಅದೇ ಕೋಲು. ಹಾಗಾಗಿ ಅಮೆರಿಕದ ಡೆನ್ವರ್‌ಗೆ ಬಂದು ಫ್ಲೈ ಫಿಶಿಂಗ್ ಕಲಿಯಲು ಹೊರಟಾಗ ಅಂಗಡಿಯಲ್ಲಿ ಕಕ್ಕಾಬಿಕ್ಕಿಯಾದೆ. ಸಾಲಾಗಿ ನಿಲ್ಲಿಸಿದ್ದ ರಾಡ್‌ಗಳ ಮೇಲೆ 9 ಅಡಿ 5 ವೇಟ್, ಏಳೂವರೆ ಅಡಿ 3 ವೇಟ್ ಅಂತೆಲ್ಲ ಬರೆದಿತ್ತು.

ವೇಟ್ ಅಂದರೆ ರಾಡ್‌ನ ತೂಕ ಅಂದುಕೊಂಡಿದ್ದೆ. ಅಲ್ಲ, ಅದು ಲೈನಿನ, ಅಂದರೆ ದಾರದ ಲೆಕ್ಕ. ಊರಿನ ಗಾಳದಲ್ಲಿ ಎರೆಹುಳುವಿನ ತೂಕ, ಕಟ್ಟಿದ ಸೀಸದ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ಹುಳದ ಹಾಗೆ ಕಾಣಲೆಂದು ಗರಿ, ನೂಲು ಸುತ್ತಿ ಮಾಡಿದ ಫ್ಲೈಗೆ ಹೆಚ್ಚುಕಮ್ಮಿ ತೂಕವೇ ಇರುವುದಿಲ್ಲ. ದಪ್ಪನೆಯ ಲೈನೇ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಅದನ್ನು ಹೊತ್ತೊಯ್ಯಬೇಕು. ಆ ಲೈನಿನ ಮುಂದಿನ 30 ಅಡಿಯನ್ನು ತೂಗಿ ನಂಬರ್ ಕೊಡುತ್ತಾರೆ. 3 ವೇಟ್ ಅಂದರೆ ಸುಮಾರು 6.5 ಗ್ರಾಂ, 5 ವೇಟ್ 9 ಗ್ರಾಂ, 8 ವೇಟ್ 13.6 ಗ್ರಾಂ. ರಾಡ್ ಮೇಲಿನ ನಂಬರ್, ಅದು ಎಷ್ಟು ತೂಕದ ಲೈನಿಗೆ ಸರಿಯಾಗಿ ಬಾಗುತ್ತದೆ ಅನ್ನುವುದನ್ನು ಹೇಳುತ್ತದೆ, ಅಷ್ಟೇ.

ಇದು ಗೊತ್ತಾಗುವ ಮೊದಲೇ ನಾನು 9 ಅಡಿ 6 ವೇಟ್ ರಾಡ್ ಕೊಂಡುಬಿಟ್ಟಿದ್ದೆ. ದೊಡ್ಡದಿದ್ದರೆ ಎಲ್ಲದಕ್ಕೂ ಆಗುತ್ತದೆ ಅನ್ನುವ ಲೆಕ್ಕ ನನ್ನದು.

ಅದನ್ನು ಹಿಡಿದು ಮೊದಲು ಹೋಗಿದ್ದು ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನ ವೈಲ್ಡ್ ಬೇಸಿನ್‌ಗೆ. ಅಲ್ಲಿ ನಾರ್ತ್ ಸೇಂಟ್ ವ್ರೇನ್ ತೊರೆ ಕಾಡಿನ ನಡುವೆ ಬಂಡೆಯಿಂದ ಬಂಡೆಗೆ ಇಳಿಯುತ್ತದೆ. ನಾನು ನಿಂತ ಕಡೆ ಐದಾರು ಹೆಜ್ಜೆ ಅಗಲ, ಹಿಂದೆ ಪೈನ್ ಮರ, ಪಕ್ಕದಲ್ಲಿ ವಿಲ್ಲೋ ಪೊದೆ. ರಾಡ್ ಹಿಂದಕ್ಕೆ ಬೀಸಿದಾಗಲೆಲ್ಲ ಫ್ಲೈ ಕೊಂಬೆಗೆ ಸಿಕ್ಕಿಕೊಳ್ಳುತ್ತಿತ್ತು. ಮರಗಳ ತೊಂದರೆಯನ್ನಾದರೂ ಮೊದಲೇ ಊಹಿಸಬಹುದಿತ್ತು. ಊಹಿಸದೇ ಇದ್ದದ್ದು ಇನ್ನೊಂದಿತ್ತು. ಅಲ್ಲಿ ಎಸೆಯಬೇಕಾದ ದೂರವೇ ಹದಿನೈದು ಅಡಿ. ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ, ಅಂದರೆ ಲೀಡರ್, 9 ಅಡಿ ಕಳೆದರೆ ರಾಡ್ ತುದಿಯಿಂದ ಹೊರಗಿದ್ದ ಲೈನು ಐದಾರು ಅಡಿ ಮಾತ್ರ. 30 ಅಡಿಯ ತೂಕಕ್ಕೆ ಬಾಗಬೇಕಾದ ರಾಡ್ ಅಷ್ಟಕ್ಕೆ ಬಾಗುವುದು ಹೇಗೆ? ಬಾಗದಿದ್ದರೆ ಎಸೆಯುವ ಬಲವೂ ಇಲ್ಲ. ಕೊನೆಗೂ ಅಂಗೈ ಉದ್ದದ ಒಂದು ಬ್ರೂಕ್ ಟ್ರೌಟ್ ಕಚ್ಚಿತು. ಕೈಗೆ ಏನೂ ತಿಳಿಯಲೇ ಇಲ್ಲ.

ಮುಂದಿನ ಬೇಸಿಗೆಗೆ ಏಳೂವರೆ ಅಡಿಯ 3 ವೇಟ್ ತಂದೆ. ಅದೇ ತೊರೆ, ಅದೇ ಪೊದೆ. ಜಾಗವೇ ಇಲ್ಲದ ಕಡೆ ಫ್ಲೈಯನ್ನು ಬೆರಳಲ್ಲಿ ಹಿಡಿದು, ರಾಡನ್ನು ಬಿಲ್ಲಿನ ಹಾಗೆ ಬಗ್ಗಿಸಿ ಬಿಟ್ಟರೆ ಕೊಂಬೆಯ ಅಡಿಗೇ ಹೋಗಿ ಬೀಳುತ್ತಿತ್ತು. ಆರಿಂಚಿನ ಮೀನು ಕಚ್ಚಿದರೂ ಹಿಡಿಯವರೆಗೆ ನಡುಕ ಬರುತ್ತಿತ್ತು. ಅಂಥ ತೊರೆಗಳಿಗೆ ಇವತ್ತಿಗೂ ನನಗೆ ಅದೇ ರಾಡ್ ಬೇಕು.

ಆ ಖುಷಿಯಲ್ಲಿ ಅದನ್ನೇ ಡೆಕ್ಕರ್ಸ್‌ಗೂ ಒಯ್ದೆ. ಅಲ್ಲಿ ಚೀಸ್‌ಮನ್ ಅಣೆಕಟ್ಟಿನ ಕೆಳಗೆ ಸೌತ್ ಪ್ಲಾಟ್ ನದಿ ಅಗಲವಾಗಿ ಹರಿಯುತ್ತದೆ. ಫ್ಲೈಗಳು 20, 22ನೇ ಸೈಜಿನವು, ಅಕ್ಕಿ ಕಾಳಿಗಿಂತ ಚಿಕ್ಕವು. ನೀರಿನ ಸೆಳೆತ ಅಲ್ಲಿ ಒಂದೇ ಸಮ ಇರುವುದಿಲ್ಲ. ನಡುವಿನ ವೇಗದ ನೀರು ಲೈನನ್ನು ಎಳೆದರೆ ಫ್ಲೈಯೂ ಎಳೆದಾಡುತ್ತದೆ, ಮೀನು ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಲೈನನ್ನು ನೀರಿಂದ ಎತ್ತಿ ಹರಿವಿನ ಮೇಲ್ದಿಕ್ಕಿಗೆ ಮಗುಚಿ ಹಾಕುತ್ತಿರಬೇಕು. ಗಿಡ್ಡ ರಾಡಿನಲ್ಲಿ ಅರ್ಧ ಲೈನೂ ಮೇಲೇಳಲಿಲ್ಲ. ಉದ್ದದ ಬೆಲೆ ನನಗೆ ಗೊತ್ತಾಗಿದ್ದು ಅಲ್ಲೇ. ಉದ್ದ ರಾಡ್ ಅಂದರೆ ದೂರ ಎಸೆಯಲಿಕ್ಕೆ ಅಂತ ತುಂಬ ಜನ ಹೇಳುತ್ತಾರೆ. ನನಗೆ ಅದು ಹೆಚ್ಚು ಉಪಯೋಗಕ್ಕೆ ಬಂದಿದ್ದು ನೀರಿಗೆ ಬಿದ್ದ ಲೈನನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಿಕ್ಕೆ.

ಅವತ್ತೇ ಹದಿನಾರು ಇಂಚಿನ ಒಂದು ಬ್ರೌನ್ ಟ್ರೌಟ್ ಸಿಕ್ಕಿತು. 3 ವೇಟ್‌ನಲ್ಲಿ ಅದನ್ನು ದಡಕ್ಕೆ ತರಲು ತುಂಬ ಹೊತ್ತು ಹಿಡಿಯಿತು. ಬಿಡುವಾಗ ಅದು ಸುಸ್ತಾಗಿ ಪಕ್ಕಕ್ಕೆ ವಾಲುತ್ತಿತ್ತು. ಮುಖವನ್ನು ಹರಿವಿನ ಎದುರಿಗೆ ಮಾಡಿ, ಈಜಿ ಹೋಗುವವರೆಗೂ ಕೈಯಲ್ಲಿ ಆನಿಸಿ ನಿಂತೆ. ತುಂಬ ನೋವಾಯಿತು. ಹಗುರ ರಾಡಿನಲ್ಲಿ ಆಟ ಜಾಸ್ತಿ ಅಂತ ಖುಷಿಪಡುವವರಿದ್ದಾರೆ. ಆದರೆ ಆ ಆಟದ ಖರ್ಚು ಮೀನಿನದು. ನೀರು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಿದ್ದರೆ ಹಾಗೆ ದಣಿದ ಟ್ರೌಟ್ ಬಿಟ್ಟ ಮೇಲೂ ಸಾಯಬಹುದು. ಅಂಥ ದಿನ ನಾನು ಲೈನ್ ಸುತ್ತಿಕೊಂಡು ಮನೆಗೆ ಬರುತ್ತೇನೆ.

ಡೆಕ್ಕರ್ಸ್‌ಗೆ ಈಗ 9 ಅಡಿ 5 ವೇಟ್ ಒಯ್ಯುತ್ತೇನೆ. ಕೊಳ್ಳುವ ಮೊದಲು ಫ್ಲೈ ಬದಲು ಕೆಂಪು ಉಲ್ಲನ್ ತುಂಡು ಕಟ್ಟಿ, ಪಾರ್ಕಿನ ಹುಲ್ಲಿನ ಮೇಲೆ ಸ್ನೇಹಿತರ ಎರಡು ರಾಡ್‌ಗಳನ್ನು ಬೀಸಿ ನೋಡಿದ್ದೆ. 60 ಅಡಿ ಎಸೆದು ನೋಡಬೇಡಿ. ನೀವು ನಿಜವಾಗಿ ಎಸೆಯುವುದು 25, 30 ಅಡಿ ಅಲ್ವಾ? ಅಷ್ಟೇ ಎಸೆದು ನೋಡಿ. ತುದಿ ಮೆತ್ತಗಿದ್ದದ್ದನ್ನೇ ಆರಿಸಿದೆ, ಯಾಕೆಂದರೆ ಫ್ಲೈ ಕಟ್ಟುವ ಕೂದಲಿನಂಥ ತುದಿದಾರ, ಅಂದರೆ ಟಿಪೆಟ್, ಮೀನಿನ ಮೊದಲ ಎಳೆತಕ್ಕೇ ಕಡಿಯದ ಹಾಗೆ ಕಾಪಾಡುವುದು ಆ ತುದಿ.

ಮೊದಲು ತಂದ 6 ವೇಟ್ ಸುಮ್ನೆ ಮೂಲೆ ಸೇರಲಿಲ್ಲ. ಸೌತ್ ಪಾರ್ಕ್‌ನ ಸ್ಪಿನ್ನಿ ಮೌಂಟನ್ ಜಲಾಶಯದ ಸುತ್ತ ಬಯಲೋ ಬಯಲು, ಮಧ್ಯಾಹ್ನವಾದರೆ ಭಾರಿ ಗಾಳಿ. ಮರಿಮೀನಿನ ಹಾಗೆ ಕಾಣುವ ದೊಡ್ಡ ಸ್ಟ್ರೀಮರ್ ಫ್ಲೈ ಆ ಗಾಳಿ ಸೀಳಿ ಹೋಗಬೇಕಾದರೆ ಲೈನಿಗೆ ತೂಕ ಬೇಕು. ಅಲ್ಲಿ ಅದೇ ಸರಿ.

ಹೋದ ವರ್ಷ ನನ್ನ ಹೆಂಡತಿಯ ಅಣ್ಣನ ಮಗ ಓದಲು ಬೌಲ್ಡರ್‌ಗೆ ಬಂದ. "ಮಾವ, ಒಂದೇ ರಾಡ್‌ಗೆ ದುಡ್ಡಿರೋದು. 9 ಅಡಿ 5 ವೇಟ್ ತಗೊಳ್ಲಾ? ಎಲ್ಲರೂ ಅದನ್ನೇ ಹೇಳ್ತಾರೆ."

"ಎಲ್ಲಿ ಹಿಡೀತೀಯ ಹೇಳು ಮೊದಲು."

ಅವನಿಗೆ ಕಾರಿಲ್ಲ. ಊರ ನಡುವೆ ಹರಿಯುವ ಬೌಲ್ಡರ್ ಕ್ರೀಕ್‌ಗೆ ಸೈಕಲ್ಲಿನಲ್ಲಿ ಹೋಗುವವನು. ದಡದ ಮರಗಳು ನೀರಿನ ಮೇಲೆ ಬಾಗಿವೆ, ಮೀನು ಹೆಚ್ಚಾಗಿ ಚಿಕ್ಕ ಬ್ರೌನ್ ಟ್ರೌಟ್. 8 ಅಡಿ 4 ವೇಟ್ ಕೊಡಿಸಿದೆ, ಜೊತೆಗೆ 4 ನಂಬರಿನದೇ ಲೈನು. ನಾಲ್ಕು ತುಂಡಾಗಿ ಬಿಚ್ಚಿ ಬ್ಯಾಗಿನಲ್ಲಿ ಇಟ್ಟುಕೊಂಡು, ಕ್ಲಾಸ್ ಮುಗಿದ ಮೇಲೆ ನೇರ ನೀರಿಗೆ ಇಳಿಯುತ್ತಾನೆ.