ಪಚ್ಚಿಲೆ ಹ್ಯಾಚರಿಯಲ್ಲಿ ಜೋಡಿ ಕಟ್ಟುವುದು: ತಂದೆ-ತಾಯಿಯ ಲೆಕ್ಕ ತಪ್ಪದಂತೆ

ಹದಕ್ಕೆ ಬಂದ ಹೆಣ್ಣು ಪಚ್ಚಿಲೆ (ಬಂಡೆ, ಹಗ್ಗಗಳಿಗೆ ಅಂಟಿ ಬೆಳೆಯುವ ಸಮುದ್ರದ ಚಿಪ್ಪುಜೀವಿ, ಇಂಗ್ಲಿಷಿನಲ್ಲಿ ಮಸೆಲ್) ಒಂದೇ ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ. ದೊಡ್ಡದಾಗಿದ್ದರೆ ಅರ್ಧ ಕೋಟಿ ದಾಟುವುದೂ ಉಂಟು. ಹ್ಯಾಚರಿಯವರು, ಅಂದರೆ ತೊಟ್ಟಿಯಲ್ಲಿ ಮರಿ ಮಾಡಿಸುವವರು, ಎಡವುವುದು ಇಲ್ಲೇ. ನಾಲ್ಕು ತಾಯಿ, ಎರಡು ತಂದೆ ಸಿಕ್ಕರೆ ತೊಟ್ಟಿ ತುಂಬ ಮರಿ. ಇನ್ನಷ್ಟು ತಂದೆ-ತಾಯಿ ಬೇಕೆಂದು ಆಗ ಯಾರಿಗೂ ಅನಿಸುವುದಿಲ್ಲ. ಆ ಮರಿಗಳನ್ನೇ ಮುಂದಿನ ಸಲ ತಾಯಿ-ತಂದೆಯಾಗಿ ಬಳಸಿದರೆ ಅಣ್ಣ-ತಂಗಿಯರ ಜೋಡಿ ಬೀಳುತ್ತದೆ, ಲಾರ್ವಾಗಳು (ನೀರಿನಲ್ಲಿ ಈಜುವ ಎಳೆಮರಿಗಳು) ಕಾರಣವಿಲ್ಲದೆ ಸಾಯುತ್ತಿವೆ ಎಂದು ನೀರನ್ನು ದೂರುವುದು ಶುರುವಾಗುತ್ತದೆ. ಕೆಳಗಿನ ವಿವರ ತಂಪು ನೀರಿನ ಮೈಟಿಲಸ್ ಕುಲದ ಪಚ್ಚಿಲೆಗಳದ್ದು. ಬೆಚ್ಚಗಿನ ನೀರಿನ ಹಸಿರು ಪಚ್ಚಿಲೆಗೆ ಉಷ್ಣತೆ ಬೇರೆ.

ಮೊದಲು ಜಾತಿ ಖಚಿತವಾಗಬೇಕು. ಮೈಟಿಲಸ್ ಕುಲದ ಎಡ್ಯುಲಿಸ್, ಗ್ಯಾಲೊಪ್ರೊವಿನ್ಸಿಯಾಲಿಸ್, ಟ್ರಾಸ್ಸುಲಸ್ ಎಂಬ ಮೂರು ಜಾತಿಗಳೂ ಒಂದಕ್ಕೊಂದು ಬೆರೆಯುತ್ತವೆ, ಚಿಪ್ಪು ನೋಡಿ ಜಾತಿ ಹೇಳುವುದು ಜೂಜು. ಕಿವಿರಿನ ಸಣ್ಣ ತುಣುಕನ್ನು ಶೇ. 95ರ ಎಥನಾಲ್‌ನಲ್ಲಿಟ್ಟು, ಅಂಟುನಾರಿನ ಪ್ರೋಟೀನ್ ಜೀನ್‌ನ ಮೇಲೆ ಪಿಸಿಆರ್ (ಡಿಎನ್‌ಎಯ ಒಂದು ತುಣುಕನ್ನು ಬಹುಪಟ್ಟು ಮಾಡಿ ನೋಡುವ ಪರೀಕ್ಷೆ) ಮಾಡಿಸಿ. ಆ ತುಣುಕಿನ ಎರಡು ತುದಿ ಗುರುತಿಸುವ ಎಂಇ15, ಎಂಇ16 ಪ್ರೈಮರ್ ಜೋಡಿ ಬಳಸಿದರೆ ಎಡ್ಯುಲಿಸ್‌ನಲ್ಲಿ 180, ಟ್ರಾಸ್ಸುಲಸ್‌ನಲ್ಲಿ 168, ಗ್ಯಾಲೊಪ್ರೊವಿನ್ಸಿಯಾಲಿಸ್‌ನಲ್ಲಿ 126 ಬೇಸ್ ಜೋಡಿ (ಡಿಎನ್‌ಎ ಉದ್ದದ ಅಳತೆ) ಉದ್ದದ ಪಟ್ಟಿ ಬರುತ್ತದೆ. ಎರಡು ಪಟ್ಟಿ ಕಂಡರೆ ಮಿಶ್ರ ಸಂತಾನ. ಆದರೆ ಮಿಶ್ರ ಸಂತಾನ ಮತ್ತೆ ಮೂಲ ಜಾತಿಯೊಂದಿಗೆ ಕೂಡಿ ಹುಟ್ಟಿದ್ದನ್ನು ಈ ಒಂದೇ ಗುರುತು ಹಿಡಿಯದೆ ಹೋಗಬಹುದು. ತಳಿ ಕಟ್ಟುವವರು ಇನ್ನಷ್ಟು ಗುರುತುಗಳನ್ನು ನೋಡಲೇಬೇಕು.

ಇಲ್ಲೊಂದು ವಿಚಿತ್ರ ಗುಂಡಿ ಇದೆ. ಪಚ್ಚಿಲೆಗಳಿಗೆ ಒಂದರಿಂದ ಇನ್ನೊಂದಕ್ಕೆ ಹರಡುವ ಕ್ಯಾನ್ಸರ್ ಬರುತ್ತದೆ, ಕ್ಯಾನ್ಸರ್ ಕೋಶವೇ ಪರೋಪಜೀವಿಯಂತೆ ದಾಟುತ್ತದೆ. ಯುರೋಪಿನ ಎಡ್ಯುಲಿಸ್‌ನಲ್ಲಿ ಕಾಣುವ ಒಂದು ಬಗೆಯ ಮೂಲ ಹಿಂದೆಂದೋ ಬದುಕಿದ್ದ ಒಂದು ಟ್ರಾಸ್ಸುಲಸ್ ಜೀವಿ. ಹಾಗಾಗಿ ಎಡ್ಯುಲಿಸ್ ಮಾದರಿಯಲ್ಲಿ ಟ್ರಾಸ್ಸುಲಸ್ ಡಿಎನ್‌ಎ ಸಿಕ್ಕರೆ ಅದು ಮಿಶ್ರ ಸಂತಾನವೂ ಆಗಿರಬಹುದು, ರೋಗವೂ ಆಗಿರಬಹುದು. ಚಿಪ್ಪು ಮುಚ್ಚುವ ಹಿಂಬದಿಯ ಸ್ನಾಯುವಿನಿಂದ ಸೂಜಿಯಲ್ಲಿ ರಕ್ತದ್ರವ ಎಳೆದು ಗಾಜಿನ ಮೇಲೆ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಆರೋಗ್ಯದ ಕೋಶಗಳು ಸ್ವಲ್ಪ ಹೊತ್ತಿನಲ್ಲೇ ಗಾಜಿಗೆ ಅಂಟಿ ಕೈಕಾಲು ಚಾಚಿದಂತೆ ಹರಡುತ್ತವೆ. ರೋಗದ ಕೋಶಗಳು ದುಂಡಗೆ, ದೊಡ್ಡ ಕೋಶಕೇಂದ್ರ ಹೊತ್ತು, ಅಂಟದೆ ತೇಲುತ್ತವೆ. ಅಂಥ ಜೀವಿಯನ್ನು ತಳಿಗೆ ಬಳಸಬೇಡಿ, ಬೇರೆ ತೊಟ್ಟಿಗೂ ಸಾಗಿಸಬೇಡಿ.

ಗಂಡು-ಹೆಣ್ಣು ಹೊರಗಿನಿಂದ ತಿಳಿಯುವುದಿಲ್ಲ. ಹದಕ್ಕೆ ಬಂದಾಗ ಲಿಂಗಗ್ರಂಥಿ ಚಿಪ್ಪಿನ ಒಳಮೈಗೆ ಹೊದ್ದಿರುವ ಮ್ಯಾಂಟಲ್ ಪದರದ ತುಂಬ ಹರಡಿ ಹೆಣ್ಣಿನಲ್ಲಿ ಕಿತ್ತಳೆ, ಗಂಡಿನಲ್ಲಿ ಕೆನೆಬಿಳಿ ಬಣ್ಣ ಬರುತ್ತದೆ. ಚಿಪ್ಪು ತೆರೆದು ನೋಡಿದರೆ ಜೀವ ಹೋಗುತ್ತದೆ. ಬೀಜ (ಮೊಟ್ಟೆ ಅಥವಾ ವೀರ್ಯ) ಬಿಡುವಾಗಲೇ ಗುರುತಿಸುವುದು ಮೇಲು.

ಬೀಜ ಬಿಡಿಸುವುದು

ಪಚ್ಚಿಲೆ ಅಂಟಿಕೊಳ್ಳಲು ಬಳಸುವ ಬಿಸ್ಸಸ್ ನಾರನ್ನು ಕತ್ತರಿಯಲ್ಲಿ ಕತ್ತರಿಸಿ, ಎಳೆಯಬೇಡಿ. ಎಳೆದರೆ ನಾರಿನ ಬುಡ ಮಾಂಸದ ಸಮೇತ ಕಿತ್ತು ಬರುತ್ತದೆ. ಚಿಪ್ಪಿನ ಮೇಲೆ ಗಟ್ಟಿಯಾಗಿ ಅಂಟಿದ ಬಾರ್ನಕಲ್ ಜೀವಿಗಳನ್ನು ಹೆರೆದು, ಬ್ರಷ್‌ನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆಯಿರಿ. ಸಿಹಿನೀರು ಹೊರಗೆ ಅಂಟಿದ ಬೇರೆಯವರ ವೀರ್ಯಾಣುಗಳನ್ನು ಕೊಲ್ಲುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ 4–5 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ನೀರಿಲ್ಲದೆ ಇಡಿ. ಬೆಳಿಗ್ಗೆ ಒಂದೊಂದನ್ನೂ ಬೇರೆ ಬೇರೆ ಬೀಕರ್‌ಗೆ ಹಾಕಿ, 1 ಮೈಕ್ರಾನ್ ಸೋಸಿ ಯುವಿ (ನೇರಳಾತೀತ) ಬೆಳಕು ಹಾಯಿಸಿದ 18–20 ಡಿಗ್ರಿಯ ಸಮುದ್ರನೀರು ತುಂಬಿ. ಅರ್ಧ ಗಂಟೆಗೊಮ್ಮೆ 10 ಮತ್ತು 20 ಡಿಗ್ರಿಯ ನಡುವೆ ನೀರು ಬದಲಿಸಿ. ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚುವುದು ಕೊನೆಯ ದಾರಿ. ಅದು ಹದವಾಗದ ಮೊಟ್ಟೆಯನ್ನೂ ಹೊರಹಾಕಿಸುತ್ತದೆ. ವೀರ್ಯದ ನೀರನ್ನು ಬೆರೆಸಿ ಹೆಣ್ಣನ್ನು ಪ್ರಚೋದಿಸುವ ವಾಡಿಕೆ ಮಾರಾಟದ ಮರಿಗೆ ಸರಿ, ವಂಶಾವಳಿ ಇಡುವಲ್ಲಿ ಸುತರಾಂ ಕೂಡದು.

ಗಂಡು ಹಾಲಿನ ಹೊಗೆಯಂತೆ ಬಿಡುತ್ತದೆ, ಹೆಣ್ಣಿನದು ಕಿತ್ತಳೆ ರವೆಯಂತೆ ತಳಕ್ಕೆ ಇಳಿಯುತ್ತದೆ. ವೀರ್ಯವನ್ನು ತಂಪಾಗಿಟ್ಟರೆ ಕೆಲವು ಗಂಟೆ ತಡೆಯುತ್ತದೆ. ಮೊಟ್ಟೆ ಅಷ್ಟು ಕಾಯುವುದಿಲ್ಲ. ಮೊದಲಿಗೆ ಪಿಯರ್ ಹಣ್ಣಿನಾಕಾರದ ಮೊಟ್ಟೆ ಅರ್ಧ ಗಂಟೆಯಲ್ಲಿ ದುಂಡಾಗುತ್ತದೆ. ಸುಮಾರು 90 ಮೈಕ್ರಾನ್ ಜರಡಿಯಲ್ಲಿ ಕಸ ತೆಗೆದು, 20 ಮೈಕ್ರಾನ್ ಜರಡಿಯಲ್ಲಿ ಮೊಟ್ಟೆ ಹಿಡಿದು ತೊಳೆಯಿರಿ.

ವೀರ್ಯವನ್ನು ಹನಿಹನಿಯಾಗಿ ಸೇರಿಸುತ್ತ ಸೂಕ್ಷ್ಮದರ್ಶಕದಲ್ಲಿ ನೋಡಿ. ಪ್ರತಿ ಮೊಟ್ಟೆಯ ಅಂಚಿನಲ್ಲಿ 5–10 ವೀರ್ಯಾಣು ಕಂಡರೆ ಸಾಕು. ಧಾರಾಳವಾಗಿ ಸುರಿದರೆ ಒಂದೇ ಮೊಟ್ಟೆಗೆ ಹಲವು ವೀರ್ಯಾಣು ಹೊಕ್ಕು ಭ್ರೂಣ ಚೂರುಚೂರಾಗಿ ಒಡೆಯುತ್ತದೆ. 18 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆಗೆ ಧ್ರುವಕಾಯ (ಫಲಿತ ಮೊಟ್ಟೆಯ ಅಂಚಿನಲ್ಲಿ ಮೂಡುವ ಸಣ್ಣ ಮಣಿ), ಒಂದೂವರೆ ಗಂಟೆಯ ಹೊತ್ತಿಗೆ ಎರಡು ಕೋಶ. ಆ ಹೊತ್ತಿಗೆ ಸ್ವಲ್ಪ ಮುಂಚೆ ಭ್ರೂಣ ಮೂರು ಗುಂಡಿನಂತೆ ಕಾಣುತ್ತದೆ, ಆಮೇಲಿನ ಎರಡು ಕೋಶಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹೊಸಬರು ಇದನ್ನು ವಿಕಾರವೆಂದು ಚೆಲ್ಲಿಬಿಡುತ್ತಾರೆ. ಪಚ್ಚಿಲೆ ಒಡೆಯುವ ರೀತಿಯೇ ಅದು.

ಪ್ರತಿ ತಾಯಿಯ ಮೊಟ್ಟೆಯಲ್ಲಿ ಒಂದಿಷ್ಟನ್ನು ವೀರ್ಯ ಸೇರಿಸದೆ ಬೇರೆ ಬೀಕರ್‌ನಲ್ಲಿಟ್ಟು ಎರಡು ಗಂಟೆಯ ಮೇಲೆ ನೋಡಿ. ಅದರಲ್ಲಿ ಒಡೆಯುತ್ತಿರುವ ಮೊಟ್ಟೆಗಳು ಕಂಡರೆ ಎಲ್ಲಿಂದಲೋ ವೀರ್ಯ ನುಸುಳಿದೆ, ಆ ತಾಯಿಯ ವಂಶಾವಳಿ ಅಲ್ಲಿಗೆ ಮುಗಿಯಿತು. ಮಾರಾಟದ ತೊಟ್ಟಿಗೆ ಸುರಿಯಿರಿ, ತಳಿಯ ಪುಸ್ತಕದಲ್ಲಿ ಬರೆಯಬೇಡಿ. ವೀರ್ಯಕ್ಕೆ ಬಳಸಿದ ಪಿಪೆಟ್ಟನ್ನೇ ಮೊಟ್ಟೆಗೂ ಬಳಸಿದ್ದು ಇದಕ್ಕೆ ಕಾರಣವಾಗಿರಬಹುದು.

ಎಷ್ಟು ತಂದೆ, ಎಷ್ಟು ತಾಯಿ

ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, 4ರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ: ಬರುವುದು ಪರಿಣಾಮಕಾರಿ ಸಂಖ್ಯೆ. 20 ಹೆಣ್ಣು, 2 ಗಂಡು ಬಳಸಿದರೆ 160ನ್ನು 22ರಿಂದ ಭಾಗಿಸಿ ಸುಮಾರು 7. ತಲೆ ಎಣಿಸಿದರೆ 22, ವಂಶವಾಹಿಯ ಲೆಕ್ಕದಲ್ಲಿ ಏಳೇ ಜೀವಿಗಳು. ಒಳಸಂತಾನದ (ಹತ್ತಿರದ ರಕ್ತಸಂಬಂಧಿಗಳ ಕೂಡಿಕೆಯ) ಏರಿಕೆ 1ನ್ನು ಆ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದಷ್ಟು: ಇಲ್ಲಿ ತಲೆಮಾರಿಗೆ ಶೇ. 7ರ ಹತ್ತಿರ. 25 ಗಂಡು, 25 ಹೆಣ್ಣು ಇದ್ದರೆ ಶೇ. 1. ಈ ಲೆಕ್ಕ ಎಲ್ಲರೂ ಸಮನಾಗಿ ಮರಿ ಕೊಟ್ಟರೆ ಮಾತ್ರ. ಎಲ್ಲರ ಮೊಟ್ಟೆ, ಎಲ್ಲರ ವೀರ್ಯ ಒಂದೇ ಬಕೆಟ್‌ಗೆ ಹಾಕಿದರೆ ಒಂದೆರಡು ಚುರುಕು ಗಂಡುಗಳೇ ಬಹುಪಾಲು ಮೊಟ್ಟೆ ಗೆಲ್ಲುತ್ತವೆ.

ಪಚ್ಚಿಲೆಯಲ್ಲಿ ಇದರ ಪೆಟ್ಟು ಹೆಚ್ಚೇ. 2020ರಲ್ಲಿ ಪ್ರಕಟವಾದ ಗ್ಯಾಲೊಪ್ರೊವಿನ್ಸಿಯಾಲಿಸ್ ಜೀನೋಮ್ (ಇಡೀ ಡಿಎನ್‌ಎ ಓದು) ಪ್ರಕಾರ ಎಲ್ಲ ಜೀವಿಗಳಲ್ಲೂ ಇರುವ ಜೀನ್‌ಗಳು ಸುಮಾರು 45,000. ಕೆಲವರಲ್ಲಿದ್ದು ಕೆಲವರಲ್ಲಿ ಇಲ್ಲದವು ಸುಮಾರು 20,000. ತಂದೆ-ತಾಯಿ ಕಡಿಮೆಯಾದರೆ ಜೀನ್‌ನ ಒಂದು ರೂಪ ಮಾತ್ರವಲ್ಲ, ಇಡೀ ಜೀನ್ ತಳಿಯಿಂದ ಕಳೆದುಹೋಗಬಹುದು.

ಪ್ರತಿ ಗಂಡನ್ನು ಎರಡು ಹೆಣ್ಣುಗಳೊಂದಿಗೆ, ಪ್ರತಿ ಹೆಣ್ಣನ್ನು ಎರಡು ಗಂಡುಗಳೊಂದಿಗೆ ಕೂಡಿಸುವ ಜಾಲ ಹಾಕಿ. ಆಗ ಒಂದು ಜೋಡಿ ಕೈಕೊಟ್ಟರೂ ಆ ತಂದೆ-ತಾಯಿ ತಳಿಯಲ್ಲಿ ಉಳಿಯುತ್ತಾರೆ. ಪ್ರತಿ ಜೋಡಿಗೆ ಎಣಿಸಿದ ಅಷ್ಟೇ ಮೊಟ್ಟೆ.

ಮಗನಿಗೆ ಅಪ್ಪನ ಮೈಟೊಕಾಂಡ್ರಿಯ

ಬಹುತೇಕ ಪ್ರಾಣಿಗಳಲ್ಲಿ ಮೈಟೊಕಾಂಡ್ರಿಯ (ತನ್ನದೇ ಡಿಎನ್‌ಎ ಇರುವ, ಕೋಶಕ್ಕೆ ಶಕ್ತಿ ಒದಗಿಸುವ ಅಂಗ) ಬರುವುದು ತಾಯಿಯಿಂದ ಮಾತ್ರ. ಮೈಟಿಲಸ್‌ನಲ್ಲಿ ಹಾಗಲ್ಲ. ತಾಯಿಯದು ಎಲ್ಲ ಮಕ್ಕಳಿಗೂ ಬರುತ್ತದೆ. ತಂದೆಯದು ಗಂಡುಮಕ್ಕಳ ಲಿಂಗಗ್ರಂಥಿಯಲ್ಲಿ ನೆಲೆಸಿ ಮೊಮ್ಮಕ್ಕಳಲ್ಲೂ ಗಂಡಿಗೇ ಹೋಗುತ್ತದೆ. ವೀರ್ಯಾಣು ಒಯ್ಯುವ ಐದಾರು ಮೈಟೊಕಾಂಡ್ರಿಯಗಳು ಗಂಡಾಗುವ ಭ್ರೂಣದಲ್ಲಿ ಒಟ್ಟಿಗೆ ಗುಂಪಾಗಿ ಉಳಿಯುತ್ತವೆ, ಹೆಣ್ಣಾಗುವುದರಲ್ಲಿ ಚೆದುರುತ್ತವೆ. ಕೆಲಸಕ್ಕೆ ಬರುವ ಮಾತು ಎರಡು. ವಂಶ ತಿಳಿಯಲು ಮೈಟೊಕಾಂಡ್ರಿಯ ಓದಿಸುವುದಾದರೆ ಕಿವಿರು ಅಥವಾ ಪಾದದ ತುಣುಕು ಕೊಡಿ. ಗಂಡಿನ ಲಿಂಗಗ್ರಂಥಿ ಕೊಟ್ಟರೆ ಎರಡು ಬಗೆ ಬೆರೆತ ಫಲಿತಾಂಶ ಬಂದು ಮಾದರಿ ಕೆಟ್ಟಿದೆ ಎಂದು ಭ್ರಮಿಸುತ್ತೀರಿ. ಇನ್ನೊಂದು, ಮರಿಗಳ ಗಂಡು-ಹೆಣ್ಣಿನ ಪ್ರಮಾಣ ತಾಯಿಯ ಕೈಯಲ್ಲಿದೆ. ಕೆಲವು ತಾಯಂದಿರಿಗೆ ಯಾವ ಗಂಡನ್ನು ಕೂಡಿಸಿದರೂ ಬಹುಪಾಲು ಹೆಣ್ಣೇ, ಕೆಲವರಿಗೆ ಬಹುಪಾಲು ಗಂಡೇ. ಆದ್ದರಿಂದ ಒಂದೆರಡು ತಾಯಿಯರ ಮೇಲೆ ತಳಿ ನಿಲ್ಲಿಸಿದರೆ ಮುಂದಿನ ತಲೆಮಾರಿಗೆ ಗಂಡೇ ಸಿಗದೆ ಹೋಗಬಹುದು. ಪ್ರತಿ ತಾಯಿಯ ಮರಿಗಳ ಲಿಂಗಪ್ರಮಾಣವನ್ನು ತಪ್ಪದೆ ಬರೆದಿಡಿ.

ಲಾರ್ವಾದಿಂದ ಹಗ್ಗದವರೆಗೆ

ಎರಡು ದಿನಕ್ಕೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಲಾರ್ವಾ. ಆಗ ಎಣಿಸಿ ಮಿಲಿಲೀಟರ್‌ಗೆ 5–10ಕ್ಕೆ ಇಳಿಸಿ, ಐಸೊಕ್ರೈಸಿಸ್ ಮತ್ತು ಕೀಟೋಸೆರಾಸ್ ಪಾಚಿ ಬೆರೆಸಿ ಕೊಡಿ. ಮೂರು-ನಾಲ್ಕು ವಾರಕ್ಕೆ ಕಣ್ಣಿನ ಚುಕ್ಕೆ ಮೂಡಿ, ಪಾದ ಚಾಚಿ, ನಾರುನಾರಾದ ಹಗ್ಗಕ್ಕೆ ಅಂಟುತ್ತವೆ. ಈ ಹಂತದಲ್ಲಿ ಜರಡಿ ಹಿಡಿದು ಚಿಕ್ಕವನ್ನು ಚೆಲ್ಲುವ ಅಭ್ಯಾಸ ಎಲ್ಲ ಹ್ಯಾಚರಿಗಳಲ್ಲೂ ಇದೆ. ಬೆರೆಸಿದ ತೊಟ್ಟಿಯಲ್ಲಿ ಹಾಗೆ ಮಾಡಿದರೆ ನಿಧಾನಕ್ಕೆ ಬೆಳೆಯುವ ಇಡೀ ಕುಟುಂಬವೇ ಚರಂಡಿ ಸೇರುತ್ತದೆ. ಲಾರ್ವಾ ಹಂತದಲ್ಲಿ ನಿಧಾನವಾದದ್ದು ಹಗ್ಗದ ಮೇಲೂ ನಿಧಾನವಾಗಿಯೇ ಬೆಳೆಯಬೇಕೆಂದೇನಿಲ್ಲ. ಕುಟುಂಬಗಳನ್ನು ಅಂಟುವವರೆಗೆ ಬೇರೆ ತೊಟ್ಟಿಯಲ್ಲಿಡಿ, ಜರಡಿ ಹಿಡಿದರೂ ಆಯಾ ಕುಟುಂಬದೊಳಗೇ ಹಿಡಿಯಿರಿ, ಆಮೇಲೆ ಎಣಿಸಿ ಸಮಪಾಲಾಗಿ ಬೆರೆಸಿ.

ಹಗ್ಗದ ಮೇಲೆ ಹೋಲಿಸುವಾಗ ಪ್ರತಿ ಕುಟುಂಬವನ್ನೂ ಕನಿಷ್ಠ ಮೂರು ಕಡೆ, ಬೇರೆ ಬೇರೆ ಆಳದಲ್ಲಿ ತೂಗಬಿಡಿ. ಎಳೆಯ ಪಚ್ಚಿಲೆ ನಾರು ಬಿಟ್ಟು ಜಾಗ ಬದಲಿಸುತ್ತದೆ, ಪಕ್ಕದ ಹಗ್ಗಕ್ಕೆ ತೇಲಿಯೂ ಹೋಗುತ್ತದೆ. ಹಾಗಾಗಿ ಮುಂದಿನ ಜೋಡಿಗೆ ಆರಿಸುವ ಪ್ರತಿಯೊಂದರ ಕಿವಿರಿನ ಡಿಎನ್‌ಎಯನ್ನು ತಂದೆ-ತಾಯಿಯ ಮಾದರಿಯೊಂದಿಗೆ ತಾಳೆ ನೋಡಿದ ಮೇಲೆಯೇ ಬೀಕರ್‌ಗೆ ಇಳಿಸಿ.