ವಾಪಸ್ ಬಂದಮೇಲೆ 'ಅಲ್ಲಿ'ಯನ್ನು ನೆನೆಯುವುದು ಹೇಗೆ: ಡೊಂಬಿವಲಿಯಿಂದ ಒಂದಿಷ್ಟು ಸಲಹೆ

ಮೊದಲ ಆರು ತಿಂಗಳು 'ಅಲ್ಲಿ' ಅನ್ನುವ ಮಾತನ್ನೇ ಬಿಟ್ಟುಬಿಡಿ. ಕಷ್ಟ, ಗೊತ್ತು. ಎಂಟು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದು ಮುಂಬೈ ಪಕ್ಕದ ಡೊಂಬಿವಲಿಗೆ ಬಂದಾಗ ನಾನು ಬಾಯಿ ತೆರೆದರೆ ಸಾಕು, 'ಅಲ್ಲಿ' ಅಂತಲೇ ಮಾತು ಶುರುವಾಗುತ್ತಿತ್ತು. ಅಲ್ಲಿ ಹಾರ್ನ್ ಇಲ್ಲ, ಅಲ್ಲಿ ನಲ್ಲಿ ನೀರನ್ನೇ ಕುಡಿಯಬಹುದು, ಅಲ್ಲಿ ಭಾನುವಾರ ಅಂಗಡಿಯೆಲ್ಲ ಬಂದ್ ಇದ್ದು ಊರಿಗೆ ಊರೇ ತಣ್ಣಗಿರುತ್ತೆ. ಒಂದು ದಿನ ಅತ್ತೆ ಬಂಗುಡೆ ಕೊಯ್ಯುತ್ತಾ, ತಲೆಯನ್ನೂ ಎತ್ತದೆ ಕೇಳಿದರು: "ಅಷ್ಟ್ ಲಾಯ್ಕ್ ಇದ್ರೆ ಬಂದದ್ದ್ ಎಂತಕೆ ಮಾರಾಯ್ತಿ?" ಬಂದದ್ದು ಅವರಿಗೋಸ್ಕರವೇ. ಮಾವ ಹೋದಮೇಲೆ ಅವರು ಒಬ್ಬರೇ ಆಗಿದ್ದರು. ಆದರೆ ಅದನ್ನು ಅವರ ಮುಖಕ್ಕೇ ಹೇಳುವುದಕ್ಕಾಗುತ್ತಾ? ಸುಮ್ಮನೆ ಮೀನಿನ ತಟ್ಟೆ ತೊಳೆದೆ.

ಹಾಗಂತ ನೆನಪನ್ನು ನುಂಗಿಕೊಂಡು ಕೂರಬೇಕು ಅಂತಲ್ಲ. ಎಂಟು ವರ್ಷ ಬದುಕಿದ ಊರು ಅದು, ಮಗ ಹುಟ್ಟಿದ ಊರು. ಆದರೆ ಹೇಗೆ ನೆನೆಯುತ್ತೀರಿ ಅನ್ನುವುದರಲ್ಲಿ ವ್ಯತ್ಯಾಸವಿದೆ.

ಹೇಗೆ ನೆನೆಯಬಾರದು ಅಂತ ಮೊದಲು ಹೇಳಿಬಿಡುತ್ತೇನೆ, ಇದು ನಾನೇ ಮಾಡಿದ್ದು. ಸ್ಟುಟ್‌ಗಾರ್ಟ್ ಕಡೆ 'ಕೇರ್‌ವೋಖೆ' ಅಂತ ಒಂದು ಪದ್ಧತಿ ಇದೆ, ಗುಡಿಸುವ ವಾರ. ಕಟ್ಟಡದಲ್ಲಿರುವವರು ಸರದಿ ಪ್ರಕಾರ ಮೆಟ್ಟಿಲು ಗುಡಿಸಿ ಒರೆಸಬೇಕು. ನಿಮ್ಮ ವಾರ ಬಂದಾಗ ಬಾಗಿಲಿಗೆ ಒಂದು ಸಣ್ಣ ಬೋರ್ಡು ನೇತು ಹಾಕುತ್ತಾರೆ, ಮುಗಿಸಿ ಪಕ್ಕದವರ ಬಾಗಿಲಿಗೆ ದಾಟಿಸಬೇಕು. ಅಲ್ಲಿದ್ದಾಗ ಆ ಬೋರ್ಡು ಕಂಡರೆ ನನಗೆ ಮೈ ಉರಿಯುತ್ತಿತ್ತು. ವಾಪಸ್ ಬಂದಮೇಲೆ ಅದೇನಾಯಿತೋ, ಅದೇ ಬೋರ್ಡು ಬಂಗಾರದಂತೆ ಕಾಣತೊಡಗಿತು. ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎದ್ದುನಿಂತು, ನನ್ನ ಹರಕು ಮರಾಠಿಯಲ್ಲಿ, ನಾವೂ ಹೀಗೆ ಮಾಡೋಣ ಅಂದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಕುರ್ಚಿಯಿಂದ ಒಬ್ಬ ಕಾಕಾ, "ಮಗ ಪರತ್ ಜಾ ನಾ ತಿಕಡೆ" ಅಂದರು. ಹಾಗಾದರೆ ಅಲ್ಲಿಗೇ ವಾಪಸ್ ಹೋಗು ಅಂತ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ನಮ್ಮ ಮೆಟ್ಟಿಲು ಗುಡಿಸುವ ಕೆಲಸದವಳಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು, ಮೂರನೇ ಮಾಳಿಗೆಯವಳು ನಿನ್ನ ಕೆಲಸ ತೆಗೆಸುತ್ತಿದ್ದಾಳೆ ಅಂತ. ಆಕೆ ಎರಡು ವಾರ ನನ್ನ ಮುಖ ನೋಡಲಿಲ್ಲ. ನಮ್ಮ ಮನೆಯ ಮುಂದಿನ ನಾಲ್ಕು ಮೆಟ್ಟಿಲು ಮಾತ್ರ ಬಿಟ್ಟು ಉಳಿದದ್ದೆಲ್ಲ ಗುಡಿಸುತ್ತಿದ್ದಳು. ಆ ಎರಡು ವಾರ ನನ್ನ ಕೇರ್‌ವೋಖೆ ನಾನೇ ಮಾಡಿಕೊಂಡೆ ಅನ್ನಿ.

ಹಾಗಾದರೆ ಸರಿಯಾದ ದಾರಿ ಯಾವುದು? ಮುಂಬೈ ಕಡೆಯ ಕನ್ನಡದವರು ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ, ನಿಮ್ಮ ಮನೆಯ ಹಿರಿಯರನ್ನು ನೋಡಿ. ನಮ್ಮ ಅತ್ತೆ ಕುಂದಾಪುರ ಬಿಟ್ಟು ನಲವತ್ತು ವರ್ಷದ ಮೇಲಾಯಿತು. ಊರು ಚೆಂದ, ಮುಂಬೈ ಕೆಟ್ಟದ್ದು ಅಂತ ಅವರು ಒಂದು ದಿನವೂ ಅಂದದ್ದಿಲ್ಲ. ಮಳೆಗಾಲ ಬಂತು ಅಂದರೆ ಮಾರ್ಕೆಟ್ಟಿಗೆ ಹೋಗಿ, ಮರಾಠಿಯವರು ಅಳುವಡಿ ಅನ್ನುವ ತಿಂಡಿಗೆ ತರುವ ಅದೇ ಕೆಸುವಿನ ಎಲೆ ತಂದು ಪತ್ರೊಡೆ ಮಾಡುತ್ತಾರೆ, ಅಕ್ಕಪಕ್ಕದ ಮೂರು ಮನೆಗೆ ಕೊಡುತ್ತಾರೆ. ಊರನ್ನು ನೆನೆದದ್ದೂ ಆಯಿತು, ಯಾರಿಗೂ ಚುಚ್ಚಿದ ಹಾಗೂ ಆಗಲಿಲ್ಲ. ಮುಂಬೈಯ ಮಾಟುಂಗಾದ ಹಳೇ ಉಡುಪಿ ಹೋಟೆಲುಗಳೆಲ್ಲ ಹೀಗೇ ಹುಟ್ಟಿದವಲ್ವಾ? ರಾಮ ಆಶ್ರಯದ ಮುಂದೆ ಬೆಳಿಗ್ಗೆ ಕ್ಯೂ ನಿಲ್ಲುವ ಗುಜರಾತಿಗಳಿಗೆ ಅದು ಯಾರದೋ ಊರ ನೆನಪು ಅಂತ ಗೊತ್ತಿರುತ್ತೋ ಇಲ್ಲವೋ. ಇಡ್ಲಿ ಚೆನ್ನಾಗಿದೆ, ಅಷ್ಟೇ.

ಅಂದರೆ ಹೇಳುವ ಬದಲು ಮಾಡಿ. ನಾನು ಶುರು ಮಾಡಿದ್ದು ಷ್ಪೆಟ್ಸ್‌ಲೆಯಿಂದ. ಸ್ಟುಟ್‌ಗಾರ್ಟ್ ಕಡೆಯ ಊಟ, ಮೊಟ್ಟೆ ಹಾಕಿದ ಮೈದಾ ಶ್ಯಾವಿಗೆ ಅಂತ ತಿಳಿಯಿರಿ. 400 ಗ್ರಾಂ ಮೈದಾ, 4 ಮೊಟ್ಟೆ, ಒಂದು ಚಮಚ ಉಪ್ಪು, ಮುಕ್ಕಾಲು ಲೋಟದಷ್ಟು ನೀರು. ನೀರು ಒಂದೇ ಸಲ ಸುರಿಯಬೇಡಿ. ಮರದ ಸೌಟಿನಲ್ಲಿ ಗುಳ್ಳೆ ಏಳುವ ತನಕ ಬಡಿಯಬೇಕು, ರಟ್ಟೆ ನೋಯಬೇಕು, ಇಲ್ಲದಿದ್ದರೆ ಸರಿಯಾಗಿಲ್ಲ ಅಂತ ಅರ್ಥ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಕ್ಕುಲಿ ಹಿಟ್ಟಿಗಿಂತ ತುಂಬಾ ತೆಳು. ಕಾಲು ಗಂಟೆ ಬಿಟ್ಟು ಕುದಿಯುವ ಉಪ್ಪುನೀರಿಗೆ ಒತ್ತುವುದು. ಅವರ ಹತ್ತಿರ ಅದಕ್ಕೆಂದೇ ಒಂದು ಒತ್ತು ಇರುತ್ತದೆ. ನನ್ನ ಹತ್ತಿರ ಇದ್ದದ್ದು ಅತ್ತೆಯ ಚಕ್ಕುಲಿ ಒರಳು, ದಪ್ಪ ಖಾರದಕಡ್ಡಿ ಬಿಲ್ಲೆ ಹಾಕಿದೆ, ಚೆನ್ನಾಗಿಯೇ ಬಂತು. ಮೇಲೆ ತೇಲಿದ ತಕ್ಷಣ ಜಾಲರಿ ಸೌಟಿನಲ್ಲಿ ತೆಗೆಯಿರಿ. ಇದನ್ನು ಅವರು ಬೇಯಿಸಿದ ಕಾಳಿನ ಜೊತೆ ತಿನ್ನುತ್ತಾರೆ, ನಮ್ಮ ಇಡೀ ಮಸೂರ್ ಸಾಕು, ಕೊನೆಗೆ ಸ್ವಲ್ಪ ವಿನೆಗರ್. ಅತ್ತೆ ಒಂದು ತುತ್ತು ತಿಂದು, ಶ್ಯಾವಿಗೆಗೆ ಮೊಟ್ಟೆ, ಅದಕ್ಕೆ ಹುಳಿ ಬೇಳೆ, ಪಾಪ ಅವರಿಗೆ ತೆಂಗಿನಕಾಯಿ ಸಿಗುವುದಿಲ್ಲವಾ ಅಂತ ಕೇಳಿದರು. ಮರುದಿನ ಉಳಿದದ್ದಕ್ಕೆ ಸಾಸಿವೆ, ಕರಿಬೇವು, ಹಸಿಮೆಣಸು ಒಗ್ಗರಣೆ ಹಾಕಿದರು. ನಿಜ ಹೇಳಬೇಕೆಂದರೆ ಅದೇ ಜಾಸ್ತಿ ರುಚಿ ಇತ್ತು.

ಮಕ್ಕಳಿದ್ದರೆ ಅವರ ವಿಷಯವೇ ಬೇರೆ. ಅವರು ಬೇಗ ಮರೆಯುತ್ತಾರೆ, ಇದು ನಮಗೆ ಜಾಸ್ತಿ ನೋವು. ನನ್ನ ಮಗನಿಗೆ ಸ್ಟುಟ್‌ಗಾರ್ಟ್ ಅಂದರೆ ಇದ್ದದ್ದು 'ತ್ಸಾಕೆ' ಒಂದೇ. ಗುಡ್ಡ ಹತ್ತುವ ಹಳದಿ ಹಲ್ಲುಗಾಲಿ ರೈಲು, ಮಾರಿಯೆನ್‌ಪ್ಲಾಟ್ಸ್‌ನಿಂದ ಡೇಗರ್‌ಲೋಖ್‌ಗೆ, 1884ರಿಂದ ಓಡುತ್ತಿದೆ, ಸೈಕಲ್ಲುಗಳನ್ನು ಮುಂದೆ ಒಂದು ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಹೋಗುತ್ತದೆ. ಫೋಟೊ ತೋರಿಸಿದರೆ ಅವನಿಗೆ ಬೇಜಾರು. ಹಾಗಾಗಿ ಕರ್ಜತ್ ಲೋಕಲ್ ಹತ್ತಿಸಿ ನೇರಳ್‌ಗೆ ಕರೆದುಕೊಂಡು ಹೋದೆ, ಅಲ್ಲಿಂದ ಮಾಥೇರಾನ್‌ಗೆ 1907ರ ಪುಟ್ಟ ರೈಲಿದೆ. ಇದಕ್ಕೆ ಹಲ್ಲುಗಾಲಿ ಇಲ್ಲ, ಸುತ್ತಿ ಸುತ್ತಿ ಹತ್ತುತ್ತದೆ. ಕಿಟಕಿಯಲ್ಲಿ ಕೂತವನು ತಾನಾಗಿಯೇ ತ್ಸಾಕೆಯ ಕತೆ ಶುರು ಮಾಡಿದ, ಪಕ್ಕದ ಹುಡುಗನಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದ. ಹೀಗೆ ಅಲ್ಲಿನದಕ್ಕೆ ಇಲ್ಲೊಂದು ನೆಂಟ ಹುಡುಕಿ. ಜರ್ಮನ್ ಭಾಷೆ ಉಳಿಯಬೇಕು ಅಂದರೆ ಮುಂಬೈಯ ಕಾಲಾಘೋಡಾದಲ್ಲಿರುವ ಜರ್ಮನ್ ಸಾಂಸ್ಕೃತಿಕ ಕೇಂದ್ರ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಲೈಬ್ರರಿ ಇದೆ. ಡೊಂಬಿವಲಿಯಿಂದ ದೂರ, ಪ್ರತಿ ವಾರ ಹೋಗುತ್ತೇವೆ ಅಂತ ಸುಳ್ಳು ಹೇಳುವುದಿಲ್ಲ.

ಕೆಲವಕ್ಕೆ ನೆಂಟನನ್ನು ಹುಡುಕಲೂ ಬೇಕಾಗಿಲ್ಲ, ಮೊದಲೇ ಇರುತ್ತಾನೆ. ಖಾಲಿ ಪ್ಲಾಸ್ಟಿಕ್ ಬಾಟಲಿ ಮಷೀನಿಗೆ ಹಾಕಿದರೆ 25 ಸೆಂಟ್ ವಾಪಸ್ ಬರುತ್ತೆ ಅಂತ ನಾನು ಎಲ್ಲರಿಗೂ ಕೊರೆಯುತ್ತಿದ್ದೆ. ಆಮೇಲೊಂದು ಭಾನುವಾರ ಹಳೇ ಪೇಪರ್ ಕೊಳ್ಳುವ ರದ್ದಿವಾಲಾ ಬಂದು ತಕ್ಕಡಿ ಎತ್ತಿ ಪೇಪರ್ ತೂಗುವಾಗ ನನಗೇ ನಗು ಬಂತು. ಅಲ್ಲಿ ಮಷೀನಿನ ಜೊತೆ ಚೌಕಾಶಿ ಮಾಡಲಾಗದು, ಅಷ್ಟೇ ವ್ಯತ್ಯಾಸ.

ಇನ್ನೊಂದು ಮುಖ್ಯ. ಕೆಟ್ಟದ್ದನ್ನೂ ಬರೆದಿಡಿ. ನೆನಪು ಮೋಸ ಮಾಡುತ್ತದೆ, ಆ ಕೇರ್‌ವೋಖೆ ಬೋರ್ಡನ್ನು ಬಂಗಾರ ಮಾಡಿದ್ದು ಅದೇ. ನಾನೊಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಿದ್ದದ್ದು, ಬಾಡಿಗೆ ಮನೆಗಾಗಿ ಹನ್ನೆರಡು ಬಾಗಿಲು ತಟ್ಟಿದ್ದು, ಮಾವ ಆಸ್ಪತ್ರೆಯಲ್ಲಿದ್ದಾಗ ಫೋನ್ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದ ಆ ರಾತ್ರಿ, ಎಲ್ಲ ಅದರಲ್ಲಿದೆ. ಮಳೆಗಾಲದಲ್ಲಿ ಲೋಕಲ್ ನಿಂತು ಠಾಣೆಯಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡ ದಿನ ಬಂದು ಇದನ್ನು ಓದುತ್ತೇನೆ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಒಳ್ಳೆಯದೂ ಇದೆ: ಊರಿನ ನಡುವೆಯೇ ದ್ರಾಕ್ಷಿ ತೋಟ, ಗುಡ್ಡಕ್ಕೆ ಹತ್ತುವ ನೂರಾರು ಕಲ್ಲುಮೆಟ್ಟಿಲ ಸಾಲುಗಳು, ಅವನ್ನು ಹತ್ತುತ್ತಾ ನಾನು ಮಾಟುಂಗಾದ ಕಾಫಿಯನ್ನು ನೆನೆಯುತ್ತಿದ್ದದ್ದು.

ಕಾಗದಪತ್ರಗಳ ಬಗ್ಗೆ ಎರಡೇ ಮಾತು. ಭಾವುಕರಾಗಿ ಹಳೇ ಟ್ರಾಮ್ ಟಿಕೆಟ್ ಇಟ್ಟುಕೊಂಡು ಪಿಂಚಣಿ ಪತ್ರವನ್ನು ರದ್ದಿಗೆ ಹಾಕಬೇಡಿ. ಜರ್ಮನಿಯಲ್ಲಿ 60 ತಿಂಗಳು ಪಿಂಚಣಿ ವಂತಿಗೆ ಕಟ್ಟಿದ್ದರೆ ವಯಸ್ಸಾದಮೇಲೆ ಅಲ್ಲಿಂದ ಪಿಂಚಣಿ ಪಡೆಯುವ ಹಕ್ಕಿದೆ. ಎರಡೂ ದೇಶಗಳ ನಡುವೆ ಇದಕ್ಕೆ ಒಪ್ಪಂದವೂ ಇದೆ, 2017ರಿಂದ ಜಾರಿಯಲ್ಲಿದೆ. ವಿಮೆಯ ನಂಬರ್ ಇರುವ ಪತ್ರ, ಊರು ಬಿಟ್ಟ ನೋಂದಣಿಯ ಚೀಟಿ, ಇವೆರಡನ್ನು ಪಾಸ್‌ಪೋರ್ಟ್ ಜೊತೆ ಇಡಿ.

ಮತ್ತೆ, ಒಬ್ಬರನ್ನಾದರೂ ಕೈಬಿಡಬೇಡಿ. ವಾಟ್ಸಾಪಿನಲ್ಲಿ ಹಬ್ಬದ ಚಿತ್ರ ಕಳಿಸುವುದಲ್ಲ, ಫೋನ್ ಮಾಡಿ ಮಾತಾಡಿ. ನನ್ನವರು ಕೆಳಮನೆಯ ಅಜ್ಜಿ, ನನಗೆ ಮೆಟ್ಟಿಲು ಒರೆಸಲು ಕಲಿಸಿದವರು. ಮುಂಬೈ ಮತ್ತು ಸ್ಟುಟ್‌ಗಾರ್ಟ್ 1968ರಿಂದ ಸೋದರಿ ನಗರಗಳು ಅಂತ ನನಗೆ ಹೇಳಿದ್ದೂ ಅವರೇ, ಮುಂಬೈಯಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಹಾಗಾಗಿ ಬೇಸಿಗೆಯಲ್ಲಿ ನಮಗೆ ಹನ್ನೊಂದೂವರೆ ಅಂದರೆ ಅವರಿಗೆ ಬೆಳಿಗ್ಗೆ ಎಂಟು, ಚಳಿಗಾಲದಲ್ಲಿ ಏಳು. ಇದನ್ನು ಮರೆತು ಒಂದು ನವೆಂಬರ್ ಭಾನುವಾರ ಏಳಕ್ಕೇ ಎಬ್ಬಿಸಿ ಬೈಸಿಕೊಂಡೆ. ಬೈದು ಮುಗಿದಮೇಲೆ ಅವರು ಎಂದಿನಂತೆ ಕೇಳಿದರು, ನಿನ್ನ ಅತ್ತೆ ಹೇಗಿದ್ದಾರೆ, ಮೆಟ್ಟಿಲು ಯಾರು ಗುಡಿಸುತ್ತಿದ್ದಾರೆ?