ವಿಮಾನ ಹತ್ತುವ ಮುನ್ನ ಕ್ರೀಮು, ಎಣ್ಣೆ, ಸೋಪು ಹೀಗೆ ಕಟ್ಟಿಕೊಳ್ಳಿ

ಬಳ್ಳಾರಿ ಸೀಮೆಯವರಿಗೆ ವಿಮಾನ ಪ್ರಯಾಣ ಅಂದರೆ ಮೊದಲು ರಸ್ತೆ ಪ್ರಯಾಣ. ತೋರಣಗಲ್ಲು ಹತ್ತಿರ ವಿದ್ಯಾನಗರದಲ್ಲಿ ನಿಲ್ದಾಣ ಇದೆ, ನಿಜ. ಆದರೆ ವಿದೇಶಕ್ಕೆ ಹೊರಟವರು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಹತ್ತಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಇನ್ನೂ ಜಾಸ್ತಿ. ಅಲ್ಲಿ ಗಂಟೆಗಟ್ಟಲೆ ಬೆಂದ ಬ್ಯಾಗು ಆಮೇಲೆ ವಿಮಾನ ಸೇರುತ್ತದೆ. ಒಳಗೆ ತಂಪು, ಜತೆಗೆ ಒಣ ಗಾಳಿ. ಬಹಳ ಎತ್ತರದಲ್ಲಿ ಹೊರಗಿನ ಗಾಳಿಯಲ್ಲಿ ನೀರಿನ ಪಸೆಯೇ ಇರುವುದಿಲ್ಲ. ಅದೇ ಗಾಳಿಯನ್ನು ಒಳಗೆ ಬಿಡುವುದರಿಂದ ತೇವಾಂಶ ಸಾಮಾನ್ಯವಾಗಿ ಶೇ 20ಕ್ಕಿಂತ ಕೆಳಗೇ ಇರುತ್ತದೆ. ತುಟಿ ಒಡೆಯುವುದು, ಮೂಗು ಒಣಗುವುದು, ಕಣ್ಣು ಉರಿಯುವುದು ಇದರಿಂದಲೇ. ಮೊದಲು ಕಾವು, ಆಮೇಲೆ ಒಣ ಗಾಳಿ. ಎರಡನ್ನೂ ಮನಸ್ಸಿನಲ್ಲಿಟ್ಟು ಸಾಮಾನು ಕಟ್ಟಿದರೆ ಪ್ರಯಾಣ ಹಗುರಾಗುತ್ತದೆ.

ಮೊದಲು ಎಲ್ಲವನ್ನೂ ಹಾಸಿಗೆ ಮೇಲೆ ಹರಡಿ

ಹೊರಡುವ ಒಂದೆರಡು ದಿನ ಮೊದಲೇ ಈ ಕೆಲಸ ಮುಗಿಸಿ. ಮೂರು ಗುಂಪು ಮಾಡಿ: ಚೆಕ್-ಇನ್ ಬ್ಯಾಗಿಗೆ (ನಿಲ್ದಾಣದಲ್ಲಿ ಒಪ್ಪಿಸುವ ದೊಡ್ಡ ಬ್ಯಾಗು) ಹೋಗುವುದು, ಹ್ಯಾಂಡ್ ಬ್ಯಾಗಿನಲ್ಲಿ ಇರುವುದು, ಸೀಟಿನಲ್ಲಿ ಕೂತಾಗ ಕೈಗೆ ಸಿಗಬೇಕಾದ್ದು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ವ್ಯಾಸಲೀನ್ ಮೇಲಿನ ಕ್ಯಾಬಿನ್ನಿನಲ್ಲಿ, ತಾವು ಕಿಟಕಿ ಪಕ್ಕ, ನಡುವೆ ಇಬ್ಬರು ನಿದ್ದೆಯಲ್ಲಿ. ಇದ್ದೂ ಉಪಯೋಗವಿಲ್ಲ, ಅಲ್ವಾ?

ಬ್ಲೇಡು, ಕತ್ತರಿ ಚೆಕ್-ಇನ್ ಬ್ಯಾಗಿಗೆ. ಪೂಜೆ ಸಾಮಾನಿನ ಜತೆ ಬೆಂಕಿಪೊಟ್ಟಣ ಬಂದಿದ್ದರೆ ತೆಗೆದು ಮನೆಯಲ್ಲೇ ಇಡಿ, ಅದಕ್ಕೆ ಯಾವ ಬ್ಯಾಗಿನಲ್ಲೂ ಅವಕಾಶ ಇಲ್ಲ. ಸ್ಪ್ರೇ ಡಬ್ಬಿಯ ಬದಲು ರೋಲ್-ಆನ್ ಅಥವಾ ಕಡ್ಡಿಯಂಥ ಗಟ್ಟಿ ಡಿಯೋಡರೆಂಟ್ ಒಳ್ಳೆಯದು. ಸ್ಪ್ರೇ ಡಬ್ಬಿಯನ್ನು 50 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಒಡ್ಡಬೇಡಿ ಎಂದು ಅದರ ಮೇಲೇ ಬರೆದಿರುತ್ತದೆ. ನಮ್ಮ ಬೇಸಿಗೆಯ ಡಿಕ್ಕಿಗೆ ಅದು ಹೊಂದುವ ವಸ್ತುವಲ್ಲ.

ನೂರು ಮಿಲಿ ಲೆಕ್ಕ

ವಿದೇಶಿ ವಿಮಾನಕ್ಕೆ ಹ್ಯಾಂಡ್ ಬ್ಯಾಗಿನಲ್ಲಿ ಒಯ್ಯುವ ದ್ರವ ಪದಾರ್ಥ ಒಂದೊಂದೂ 100 ಮಿಲಿ ಮೀರದ ಡಬ್ಬಿಯಲ್ಲಿ ಇರಬೇಕು. ಎಲ್ಲವೂ ಸೇರಿ ಒಂದು ಲೀಟರಿನ ಪಾರದರ್ಶಕ ಜಿಪ್ ಕವರಿನಲ್ಲಿ ಹಿಡಿಸಬೇಕು. ದೇಶದೊಳಗಿನ ಪ್ರಯಾಣಕ್ಕೂ ಇದೇ ಲೆಕ್ಕ ಇಟ್ಟುಕೊಳ್ಳಿ, ತಕರಾರು ಬರುವುದಿಲ್ಲ.

ಇಲ್ಲಿ ಎಡವುವುದು ಟೂತ್‌ಪೇಸ್ಟ್ ವಿಷಯದಲ್ಲಿ. 150 ಗ್ರಾಂನ ಟ್ಯೂಬು ಮುಕ್ಕಾಲು ಖಾಲಿಯಾಗಿ ಬುಡದಿಂದ ಸುರುಳಿ ಸುತ್ತಿದ್ದರೂ ಸೆಕ್ಯುರಿಟಿಯವರು ನೋಡುವುದು ಒಳಗೆ ಉಳಿದಿರುವುದನ್ನಲ್ಲ, ಟ್ಯೂಬಿನ ಮೇಲೆ ಬರೆದ ಅಳತೆಯನ್ನು. ಸಣ್ಣ ಟ್ಯೂಬು ಕೊಂಡುಬಿಡಿ. ವ್ಯಾಸಲೀನ್, ಅಮೃತಾಂಜನ, ಫೇಸ್‌ವಾಶ್, ಹೇರ್ ಜೆಲ್ ಎಲ್ಲವೂ ದ್ರವದ ಲೆಕ್ಕಕ್ಕೇ ಬರುತ್ತವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಗಟ್ಟಿಯಾಗಿದೆ ಎಂದು ವಾದ ಮಾಡಿದರೂ ಅಲ್ಲಿ ಅದು ಎಣ್ಣೆಯೇ.

ಹಾಗಾಗಿ ಗಟ್ಟಿ ರೂಪದಲ್ಲಿ ಸಿಗುವುದನ್ನೇ ಆರಿಸಿ. ದ್ರವದ ಸೋಪಿನ ಬದಲು ಅರ್ಧ ಕತ್ತರಿಸಿದ ಸೋಪು. ಫೇಸ್‌ವಾಶ್ ಬದಲು ಮನೆಯ ಕಡಲೆಹಿಟ್ಟು. ಶಾಂಪೂಗೆ ಅಂಗಡಿಯ ಪುಟ್ಟ ಸ್ಯಾಶೆಗಳು ಸಾಕು. ದೊಡ್ಡ ಬಾಟಲಿಯಿಂದ ಸುರಿದು ತುಂಬುವ ಗೋಜೇ ಇರುವುದಿಲ್ಲ.

ಸೋರದಂತೆ ಮುಚ್ಚುವುದು

ವಿಮಾನ ಮೇಲೇರಿದಂತೆ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ದೊಡ್ಡ ವಿಮಾನಗಳಲ್ಲಿ ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಬರುತ್ತದೆ. ಆಗ ಬಾಟಲಿಯೊಳಗೆ ಸಿಕ್ಕಿಕೊಂಡ ಗಾಳಿ ಹೆಚ್ಚು ಕಡಿಮೆ ಕಾಲು ಭಾಗದಷ್ಟು ಹಿಗ್ಗುತ್ತದೆ. ಹಿಗ್ಗಿದ ಗಾಳಿ ಎಣ್ಣೆಯನ್ನೋ ಲೋಷನ್ನನ್ನೋ ಮುಚ್ಚಳದ ಸಂದಿಯಿಂದ ಹೊರಗೆ ನೂಕುತ್ತದೆ. ಬಟ್ಟೆಯೆಲ್ಲ ಎಣ್ಣೆಮಯವಾಗುವುದು ಹೀಗೆ.

ಪರಿಹಾರ ಸುಲಭ. ಮೆತ್ತನೆಯ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ತುಂಬಿದ ಮೇಲೆ ಎರಡು ಬೆರಳಲ್ಲಿ ಮೆಲ್ಲಗೆ ಅದುಮಿ. ಎಣ್ಣೆ ಬಾಯಿ ತನಕ ಬಂದಾಗ, ಅದುಮಿದ ಹಾಗೆಯೇ ಮುಚ್ಚಳ ತಿರುಗಿಸಿ. ಬಾಟಲಿಯ ಹೊಟ್ಟೆ ಸ್ವಲ್ಪ ಒಳಕ್ಕೆ ಹೋಗಿ ನಿಲ್ಲುತ್ತದೆ. ಒಳಗೆ ಗಾಳಿ ಕಡಿಮೆ, ಹಿಗ್ಗಲು ಜಾಗವೂ ಇರುತ್ತದೆ. ಮುಚ್ಚುವ ಮೊದಲು ಬಾಯಿಗೆ ತೆಳು ಪ್ಲಾಸ್ಟಿಕ್ ಕವರಿನ ತುಂಡು ಹಾಸಿದರೆ ಇನ್ನೂ ಭದ್ರ. ಆಮೇಲೆ ಒಂದು ರಾತ್ರಿ ತಟ್ಟೆಯಲ್ಲಿ ತಲೆಕೆಳಗಾಗಿ ಇಟ್ಟು ನೋಡಿ. ಮನೆಯಲ್ಲೇ ಸೋರುವ ಬಾಟಲಿಯನ್ನು ನಂಬಬೇಡಿ. ಲಿಪ್ ಬಾಮನ್ನು ಡಿಕ್ಕಿಗೆ ಹಾಕಬೇಡಿ, ಕರಗಿ ಮುಚ್ಚಳಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಎಸಿ ಇರುವ ಕಡೆ ನಿಮ್ಮ ಜತೆಗೇ ಇರಲಿ.

ಸೀಟಿನ ಚೀಲ

ಅಂಗೈ ಅಗಲದ ಬಟ್ಟೆ ಚೀಲ ಸಾಕು. ಅದರಲ್ಲಿ ವ್ಯಾಸಲೀನ್ ಅಥವಾ ಲಿಪ್ ಬಾಮು, ಸಣ್ಣ ಕ್ರೀಮಿನ ಟ್ಯೂಬು, ಕರ್ಚೀಫು, ಬ್ರಷ್ಷು ಮತ್ತು ಪುಟ್ಟ ಪೇಸ್ಟು. ಲೆನ್ಸ್ ಹಾಕುವವರಿಗೆ ಅದರ ಡಬ್ಬಿ ಮತ್ತು ಕನ್ನಡಕ. ದೂರದ ಪ್ರಯಾಣಕ್ಕೆ ಕನ್ನಡಕವೇ ಹಿತ. ಕ್ರೀಮು, ಪೇಸ್ಟು, ವ್ಯಾಸಲೀನ್ ತಪಾಸಣೆ ಮುಗಿಯುವ ತನಕ ಜಿಪ್ ಕವರಿನಲ್ಲೇ ಇರಲಿ. ಆಮೇಲೆ ಈ ಚೀಲಕ್ಕೆ ಹಾಕಿ. ಖಾಲಿ ನೀರಿನ ಬಾಟಲಿ ಒಯ್ಯಿರಿ, ತಪಾಸಣೆ ದಾಟಿದ ಮೇಲೆ ತುಂಬಿಸಿಕೊಳ್ಳಬಹುದು.

ಹತ್ತುವ ಮೊದಲು ನಿಲ್ದಾಣದಲ್ಲೇ ಮುಖ ತೊಳೆಯಿರಿ. ನಮ್ಮ ಅದಿರು ಲಾರಿ ಓಡುವ ರಸ್ತೆಯ ಕೆಂಪು ಧೂಳಿನ ಮೇಲೆ ಕ್ರೀಮು ಬಳಿಯುವುದು ಬೇಡ. ಮುಖ ಪೂರ್ತಿ ಆರುವ ಮುನ್ನ, ಹಸಿ ಇರುವಾಗಲೇ ಕ್ರೀಮು ಹಚ್ಚಿ. ಆ ಪಸೆಯನ್ನು ಅದು ಹಿಡಿದಿಡುತ್ತದೆ. ಸುಮ್ನೆ ರೋಸ್‌ವಾಟರ್ ಚಿಮುಕಿಸಿಕೊಳ್ಳುವುದರಿಂದ ಹೆಚ್ಚು ಲಾಭವಿಲ್ಲ. ಆ ಒಣ ಗಾಳಿಗೆ ನೀರು ಬೇಗ ಆರಿಹೋಗುತ್ತದೆ. ಮೂಗಿನ ಅಂಚಿಗೂ ಚೂರು ವ್ಯಾಸಲೀನ್ ಸವರಿ. ಹೊಸದಾಗಿ ಕೊಂಡ ಕ್ರೀಮನ್ನು ಅವತ್ತೇ ಮೊದಲ ಸಲ ಹಚ್ಚಬೇಡಿ. ತುರಿಕೆ ಎದ್ದರೆ ಆಕಾಶದಲ್ಲಿ ಏನು ಮಾಡುತ್ತೀರಿ? ಘಾಟು ಅತ್ತರು, ಬಾಮು ಮುಚ್ಚಿದ ಜಾಗದಲ್ಲಿ ಪಕ್ಕದವರಿಗೆ ತಲೆನೋವು ತರುತ್ತದೆ, ಇಳಿದ ಮೇಲೆ ಹಚ್ಚಿಕೊಳ್ಳಿ.

ಉಮ್ರಾಕ್ಕೆ, ಹಜ್‌ಗೆ ಹೊರಟವರು

ಈ ಮೆಕ್ಕಾ ಯಾತ್ರೆಗಳಲ್ಲಿ ಇಹ್ರಾಮ್ ಎಂಬ ವ್ರತಸ್ಥಿತಿಯಲ್ಲಿರುವಾಗ ಸುಗಂಧ ಬಳಸುವಂತಿಲ್ಲ. ನೇರ ಜೆಡ್ಡಾಕ್ಕೆ ಹೋಗುವವರಿಗೆ ಮೀಕಾತ್, ಅಂದರೆ ಇಹ್ರಾಮ್ ಶುರು ಮಾಡಲೇಬೇಕಾದ ಗಡಿ, ವಿಮಾನದಲ್ಲಿರುವಾಗಲೇ ಬರುತ್ತದೆ. ಆದ್ದರಿಂದ ಪರಿಮಳ ಇಲ್ಲದ ಸೋಪು, ಪರಿಮಳ ಇಲ್ಲದ ವ್ಯಾಸಲೀನ್ ಸೀಟಿನ ಚೀಲದಲ್ಲೇ ಬೇರೆ ಇರಲಿ. ಹಿರಿಯರನ್ನು ಕಳಿಸುವ ಮಕ್ಕಳು ಡಬ್ಬಿಯ ಮೇಲಿನ ಬರಹ ಓದಿ ನೋಡಿಯೇ ಕೊಡಿ.

ಮದ್ದು, ಮಾತ್ರೆ ಇರುವವರು

ಡಾಕ್ಟರ ಚೀಟಿ ಜತೆಗಿದ್ದರೆ ಬೇಕಾದ ಔಷಧ 100 ಮಿಲಿ ಮೀರಿದ್ದರೂ ಒಯ್ಯಬಹುದು, ತಪಾಸಣೆಯಲ್ಲಿ ಮೊದಲೇ ಹೇಳಿ ತೋರಿಸಿ. ಕೂಸಿನ ಹಾಲಿಗೂ ವಿನಾಯಿತಿ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಬಹಳ ಎಚ್ಚರದಿಂದಿರಬೇಕು. ಡಿಕ್ಕಿಯ ಕಾವಿಗೆ ಅದು ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಡಿಕ್ಕಿಗೂ ಬೇಡ, ಚೆಕ್-ಇನ್ ಬ್ಯಾಗಿಗೂ ಬೇಡ. ಮನೆಯಿಂದ ಹೊರಟಾಗಿನಿಂದ ವಿಮಾನ ಇಳಿಯುವ ತನಕ ಕೈಚೀಲದಲ್ಲೇ ಇರಲಿ. ತಂಪಿಗೆಂದು ಐಸ್ ಪ್ಯಾಕ್ ಇಟ್ಟರೆ ಇನ್ಸುಲಿನ್ನಿಗೆ ನೇರ ತಾಗದಂತೆ ನಡುವೆ ಬಟ್ಟೆ ಸುತ್ತಿ.